ಗಾಲಿಯ ಅಳತೆ

ನಮ್ಮ ನಗರ ಸೀಮೆಯ ಚರಿತ್ರೆ ಬರೆದವರು ಕೋಟೆಯ ಬಗ್ಗೆ ಬರೆದಿದ್ದಾರೆ, ದೇವಗಂಗೆಯ ಕೊಳಗಳ ಬಗ್ಗೆ ಬರೆದಿದ್ದಾರೆ, ಶಿವಪ್ಪನಾಯಕನ ಶಿಸ್ತಿನ ಬಗ್ಗೆ ಬರೆದಿದ್ದಾರೆ. ಗಾಲಿಯ ಬಗ್ಗೆ ಬರೆದವರನ್ನು ಮಾತ್ರ ನಾನು ಕಂಡಿಲ್ಲ. ಅವರನ್ನು ದೂರುವಂತೆಯೂ ಇಲ್ಲ. ಕೆಳದಿಯ ಅರಸರು 1640ರ ಸುಮಾರಿಗೆ ಇಕ್ಕೇರಿಯಿಂದ ರಾಜಧಾನಿಯನ್ನು ಬಿದನೂರಿಗೆ ತಂದಾಗ ಇಲ್ಲಿ ಗಾಲಿ ಉರುಳುವಂಥ ದಾರಿ ಎಲ್ಲಿತ್ತು? ಘಟ್ಟ ಇಳಿಯುತ್ತಿದ್ದ ಮೆಣಸು ಅಡಿಕೆ, ಘಟ್ಟ ಹತ್ತುತ್ತಿದ್ದ ಉಪ್ಪು, ಎಲ್ಲವೂ ಹೇರೆತ್ತಿನ ಬೆನ್ನ ಮೇಲೆ, ಇಲ್ಲವೆ ಆಳಿನ ತಲೆಯ ಮೇಲೆ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ಹೈದರನಗರ ಎಂದು ಹೆಸರಿಟ್ಟ. ಹೈದರ ಹೋದ, ನಮಗೆ ಬರೀ 'ನಗರ' ಉಳಿಯಿತು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಇಕ್ಕೇರಿ, ನಗರಗಳನ್ನು ಹಾದುಹೋದಾಗಲೂ ಸರಕಿನ ಲೆಕ್ಕ ನಡೆಯುತ್ತಿದ್ದುದು ಎತ್ತಿನ ಹೇರಿನಲ್ಲಿಯೇ. ಎತ್ತಿನ ಗೊರಸಿಗೆ ಲಾಳ ಹೊಡೆಯುವವನೊಬ್ಬನಿದ್ದರೆ ಸಾಕು, ಅದು ಎಂಥ ದಾರಿಗೂ ಹೊಂದಿಕೊಳ್ಳುತ್ತದೆ. ಗಾಲಿ ಹಾಗಲ್ಲ. ಗಾಲಿ ಬಂದ ಕಡೆ ಅದರ ಬೆನ್ನಿಗೇ ಅಳತೆಯೂ ಬರುತ್ತದೆ.

ನಾನು ಹುಡುಗನಾಗಿದ್ದಾಗ ಈ ಅಳತೆಯನ್ನು ಮೊದಲು ಕಂಡದ್ದು ನಮ್ಮೂರ ಆಚಾರಿಯ ಕುಲುಮೆಯಲ್ಲಿ. ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕೂರಿಸುವ ದಿನವೆಂದರೆ ನಮಗೆ ಶಾಲೆ ಬೇಡವಾಗುತ್ತಿತ್ತು. ಆಚಾರಿ ಮೊದಲು ಚಕ್ರದ ಸುತ್ತಳತೆಯನ್ನು ದಾರದಲ್ಲಿ ಹಿಡಿಯುತ್ತಿದ್ದ. ಪಟ್ಟಿಯನ್ನು ಬಳೆಯಂತೆ ಬಗ್ಗಿಸಿ ಬೆಸೆಯುವಾಗ ಅದಕ್ಕಿಂತ ಸ್ವಲ್ಪ ಕಡಿಮೆ ಇಡುತ್ತಿದ್ದ. ಆ 'ಸ್ವಲ್ಪ' ಎಷ್ಟು ಎನ್ನುವುದರಲ್ಲೇ ಅವನ ಹೊಟ್ಟೆಪಾಡು ಇತ್ತು. ಸಗಣಿ ಬೆರಣಿಯ ಬೆಂಕಿಯಲ್ಲಿ ಬಳೆ ಕೆಂಪಗೆ ಕಾದು ಹಿಗ್ಗಿದಾಗ ಇಬ್ಬರು ಇಕ್ಕಳದಲ್ಲಿ ಎತ್ತಿ ತಂದು ಚಕ್ರದ ಮೇಲೆ ಇಳಿಸಿ ಸುತ್ತಿಗೆಯಿಂದ ಬಡಿದು, ಮರ ಹೊತ್ತಿಕೊಳ್ಳುವ ಮೊದಲೇ ಕೊಡಗಟ್ಟಲೆ ನೀರು ಸುರಿಯುತ್ತಿದ್ದರು. ಹಬೆಯೆದ್ದು, ಬಳೆ ಕುಗ್ಗಿ, ಅರಗಳೆಲ್ಲ ನಡುವಿನ ಗುಂಬಕ್ಕೆ ಒತ್ತಿಕೊಂಡು ಕೂತಾಗ ಚಕ್ರದ ಮೈಯಿಂದ ಕಟಕಟ ಎಂಬ ಸದ್ದು ಬರುತ್ತಿತ್ತು. ಬಳೆ ತೀರ ಚಿಕ್ಕದಾದರೆ ಅರಗಳು ಬಾಗಿ ಚಕ್ರ ಬಟ್ಟಲಾಗುತ್ತದೆ. ದೊಡ್ಡದಾದರೆ ಬೇಸಿಗೆಯಲ್ಲಿ ಮರ ಒಣಗಿ ಬಳೆ ದಾರಿಯಲ್ಲೇ ಕಳಚಿ ಬೀಳುತ್ತದೆ. ಚೈತ್ರದ ಬಿಸಿಲಿಗೆ ಗಾಡಿಯವರು ಚಕ್ರಗಳನ್ನು ಬಿಚ್ಚಿ ಹೊಳೆಯಲ್ಲಿ ಮಲಗಿಸುತ್ತಿದ್ದುದು ಮರ ಉಬ್ಬಲಿ ಎಂದೇ.

ಇನ್ನೊಂದು ಅಳತೆ ದಾರದಲ್ಲಿ ಇರಲಿಲ್ಲ, ನೆಲದ ಮೇಲಿತ್ತು. ಅಚ್ಚಿನ ಎರಡು ತುದಿಯ ಚಕ್ರಗಳ ನಡುವಿನ ಅಂತರ ಊರ ಗಾಡಿಗಳಿಗೆಲ್ಲ ಒಂದೇ. ಇಲ್ಲದಿದ್ದರೆ ಗಾಡಿಜಾಡಿನಲ್ಲಿ ಹೋಗುವಂತಿಲ್ಲ. ನಮ್ಮ ಜೇಡಿಮಣ್ಣಿನಲ್ಲಿ ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಜಾಡು ಮೊಳಕಾಲುದ್ದ ಇಳಿದಿರುತ್ತಿತ್ತು, ಎರಡು ಜಾಡುಗಳ ನಡುವೆ ಹುಲ್ಲು ಬೆಳೆದ ದಿಬ್ಬ ಉಳಿಯುತ್ತಿತ್ತು. ಆಮೇಲೆ ಬಂದ ಟಯರು ಗಾಡಿ ಎತ್ತಿನ ಹೆಗಲಿಗೆ ಹಗುರಾಯಿತು ನಿಜ, ಆದರೆ ಹೊರಗಿನಿಂದ ಕೊಂಡು ತಂದ ಅದರ ಅಚ್ಚಿನ ಅಗಲ ಬೇರೆ. ಒಂದು ಗಾಲಿ ಜಾಡಿನಲ್ಲಿ, ಇನ್ನೊಂದು ದಿಬ್ಬದ ಮೇಲೆ ಓಡಿ ಹುಲ್ಲಿನ ಹೊರೆ ಸಮೇತ ಮಗುಚಿಕೊಂಡ ಗಾಡಿಗಳನ್ನು ನಾನೇ ಕಂಡಿದ್ದೇನೆ. ಮರದ ಗಾಡಿಯವರು ನಕ್ಕರು. ಹತ್ತು ವರ್ಷಗಳಲ್ಲಿ ಅವರೂ ಟಯರಿಗೆ ಬಂದರು, ಜಾಡೇ ಬದಲಾಯಿತು.

ಗಾಳಿ ತುಂಬಿದ ಟಯರಿನ ಕಥೆ ಎಲ್ಲರಿಗೂ ಗೊತ್ತಿರುವುದೇ. ಬೆಲ್‌ಫಾಸ್ಟಿನಲ್ಲಿ ದನಕರುಗಳ ವೈದ್ಯನಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ ಮಗನ ಮೂರು ಗಾಲಿಯ ಸೈಕಲ್ಲಿಗೆ ರಬ್ಬರಿನ ಕೊಳವೆ ಸುತ್ತಿ ಗಾಳಿ ತುಂಬಿದ, 1888ರಲ್ಲಿ ಪೇಟೆಂಟು ಪಡೆದ. ಅವನಿಗಿಂತ ನಲವತ್ತು ವರ್ಷ ಮೊದಲೇ ಥಾಮ್ಸನ್ ಎಂಬ ಇನ್ನೊಬ್ಬ ಅದನ್ನು ಮಾಡಿ ಪೇಟೆಂಟೂ ಪಡೆದಿದ್ದ. ಆದರೆ ಆಗ ಅದು ಯಾರಿಗೂ ಬೇಕಾಗಿರಲಿಲ್ಲ. ನಮ್ಮ ಸೀಮೆಗೆ ಈ ಗಾಳಿಯ ಗಾಲಿ ನಿಜವಾಗಿ ಬಂದದ್ದು ಜೀಪಿನ ಜೊತೆ. ಮಹೀಂದ್ರ ಕಂಪೆನಿ 1940ರ ದಶಕದ ಕೊನೆಗೆ ವಿಲ್ಲಿಸ್ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸತೊಡಗಿತು. ಅವು ಅರಣ್ಯ ಇಲಾಖೆಗೆ ಬಂದವು, ಅಣೆಕಟ್ಟಿನ ಕೆಲಸಗಳಿಗೆ ಬಂದವು, ಸರಕಾರಿ ಹರಾಜಿನಲ್ಲಿ ಕೈಬದಲಾಗಿ ಅಡಿಕೆ ತೋಟದವರ ಅಂಗಳಕ್ಕೂ ಬಂದವು.

ಆ ಜೀಪಿನ ಟಯರಿನ ಮೇಲೆ 6.00-16 ಎಂದು ಬರೆದಿರುತ್ತಿತ್ತು. ಟಯರಿನ ಅಗಲ ಆರಿಂಚು, ಅದು ಕೂರುವ ಡಿಸ್ಕಿನ ಅಡ್ಡಳತೆ ಹದಿನಾರಿಂಚು. (ಕಬ್ಬಿಣದ ಗಾಲಿಗೆ ನಮ್ಮ ಗ್ಯಾರೇಜುಗಳಲ್ಲಿ ಡಿಸ್ಕು ಎನ್ನುತ್ತಾರೆ.) ಟಯರಿನ ಗೋಡೆಯ ಎತ್ತರವನ್ನು ಬರೆಯುವ ರೂಢಿ ಆಗ ಇರಲಿಲ್ಲ, ಯಾಕೆಂದರೆ ಹಳೆಯ ಟಯರುಗಳ ಗೋಡೆ ಹೆಚ್ಚುಕಡಿಮೆ ಅಗಲದಷ್ಟೇ ಎತ್ತರ ಇರುತ್ತಿತ್ತು. ಮೇಲೊಂದು ಆರು, ಕೆಳಗೊಂದು ಆರು, ನಡುವೆ ಹದಿನಾರು: ನೆಲದಿಂದ ತುದಿಗೆ ಸುಮಾರು 28 ಇಂಚು. ಡಿಸ್ಕಿಗಿಂತ, ಟಯರಿನ ಅಗಲಕ್ಕಿಂತ ಈ ಇಪ್ಪತ್ತೆಂಟೇ ದೊಡ್ಡ ಸಂಗತಿ. ಜೀಪಿನ ಮೈಯಡಿ ಎಷ್ಟು ಜಾಗ ಉಳಿಯುತ್ತದೆ, ಒಂದನೆಯ ಗೇರಿನಲ್ಲಿ ಎಂಥ ಏರನ್ನು ಹತ್ತುತ್ತದೆ, ಮೀಟರಿನ ಮುಳ್ಳು ನಿಜ ಹೇಳುತ್ತದೋ ಸುಳ್ಳು ಹೇಳುತ್ತದೋ, ಎಲ್ಲಕ್ಕೂ ಅದೇ ಮೂಲ.

ಕೊಡಚಾದ್ರಿಗೆ ಜೀಪಿನಲ್ಲಿ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಟ್ಟಿನಹೊಳೆ ದಾಟಿದ ಮೇಲೆ ಅದು ದಾರಿಯಲ್ಲ, ಮಳೆನೀರು ತನಗಾಗಿ ಕೊರೆದುಕೊಂಡ ಕಾಲುವೆ. ಗಾಲಿಗಳು ಎರಡು ಹೊಂಡಗಳಲ್ಲಿ ಇಳಿದಿರುತ್ತವೆ, ನಡುವೆ ಕಲ್ಲುಮಣ್ಣಿನ ದಿಬ್ಬ. ಜೀಪಿನ ಅಚ್ಚಿನ ಮಧ್ಯೆ ಹಲ್ಲುಚಕ್ರಗಳನ್ನು ತುಂಬಿಟ್ಟ ಕಬ್ಬಿಣದ ಗುಂಡು ಇದೆಯಲ್ಲ, ಡ್ರೈವರುಗಳು ಹೌಸಿಂಗ್ ಎನ್ನುತ್ತಾರೆ, ಅದು ಆ ದಿಬ್ಬದ ಮೇಲೆ ಸವರಿಕೊಂಡು ಹೋಗಬೇಕು. ಸ್ಪ್ರಿಂಗನ್ನು ಎತ್ತರಿಸಿದರೆ ಜೀಪಿನ ಮೈ ಏಳುತ್ತದೆ, ಹೌಸಿಂಗ್ ಏಳುವುದಿಲ್ಲ. ಅದನ್ನು ಎತ್ತಬಲ್ಲದ್ದು ಟಯರು ಮಾತ್ರ.

ಮಾರುತಿ ಜಿಪ್ಸಿ ಬಂದದ್ದು 1985ರ ಕೊನೆಗೆ. ಕೆಲವು ವರ್ಷಗಳಲ್ಲಿ ಅದರ ಹಳೆಯ ಡಿಸ್ಕುಗಳು ಶಿವಮೊಗ್ಗದ ಗುಜರಿಯಲ್ಲಿ ಸಿಗತೊಡಗಿದವು. ಯಾರೋ ಒಬ್ಬ ಡ್ರೈವರು ಅದನ್ನು ಜೀಪಿಗಿಟ್ಟು ನೋಡಿದ. ಐದು ಬೋಲ್ಟು, ಐದೂ ತೂತಿಗೆ ಸರಿಯಾಗಿ ಕೂತವು! ಇದು ಬರೀ ಅದೃಷ್ಟವಲ್ಲ. ಬೋಲ್ಟುಗಳ ನಡುವೆ ಎಳೆದ ವೃತ್ತದ ಅಡ್ಡಳತೆ ವಿಲ್ಲಿಸ್ ಜೀಪಿನಲ್ಲಿ ಐದೂವರೆ ಇಂಚು, ಜಿಪ್ಸಿಯಲ್ಲಿ 139.7 ಮಿಲಿಮೀಟರು. ಲೆಕ್ಕ ಹಾಕಿದರೆ ಎರಡೂ ಒಂದೇ. ಅಮೆರಿಕದ ಯುದ್ಧಕಾಲದ ಇಂಚು ಜಪಾನಿನ ಮಿಲಿಮೀಟರಿನ ವೇಷದಲ್ಲಿ ನಮ್ಮಲ್ಲಿಗೆ ಬಂದು ತನ್ನ ಮೂಲಮನೆಯನ್ನು ಹುಡುಕಿಕೊಂಡಿತ್ತು. ಜಿಪ್ಸಿಯ ರೇಡಿಯಲ್ ಟಯರು ಮೆತ್ತಗೆ, ಡಾಂಬರಿನ ಮೇಲೆ ಸದ್ದಿಲ್ಲ, ಸ್ಟೇರಿಂಗು ಹಗುರ. ನಗರ, ಸಂಪೇಕಟ್ಟೆ, ನಿಟ್ಟೂರಿನ ಒಂದಷ್ಟು ಜೀಪುಗಳು ಹೊಸ ಗಾಲಿ ತೊಟ್ಟುಕೊಂಡವು. ನೋಡುವುದಕ್ಕೂ ಚೆಂದವಿದ್ದವು, ಸುಳ್ಳೇಕೆ ಹೇಳಲಿ.

1990ರ ದಶಕದ ಕೊನೆಯ ಒಂದು ಆಷಾಢ. ಕಟ್ಟಿನಹೊಳೆಯ ಆಚೆಯ ಒಂಟಿಮನೆಯೊಂದರಲ್ಲಿ ಹೆಣ್ಣುಮಗಳಿಗೆ ಹೆರಿಗೆ ನೋವು ಶುರುವಾಗಿತ್ತು. ಅವಳ ಗಂಡ ನನ್ನ ಹಳೆಯ ವಿದ್ಯಾರ್ಥಿ. ರಾತ್ರಿ ಎಂಟರ ಹೊತ್ತಿಗೆ ಮಳೆಯಲ್ಲಿ ತೊಯ್ದು ಬಂದು ಬಾಗಿಲು ಬಡಿದ. ನಮ್ಮ ಕೇರಿಯ ಜೀಪಿನವನನ್ನು ಎಬ್ಬಿಸಿದೆವು, ನಾನೂ ಹತ್ತಿಕೊಂಡೆ. ಹೋಗುವಾಗ ಹೇಗೋ ಹೋಯಿತು. ಅವಳನ್ನು, ಅವಳ ಅತ್ತೆಯನ್ನು, ಇನ್ನಿಬ್ಬರು ಹೆಂಗಸರನ್ನು ಕೂರಿಸಿಕೊಂಡು ಬರುವಾಗ ಭಾರಕ್ಕೆ ಜೀಪು ಹೊಂಡದಲ್ಲಿ ಇನ್ನಷ್ಟು ಇಳಿಯಿತು, ಹೌಸಿಂಗ್ ದಿಬ್ಬದ ಮೇಲೆ ಕೂತುಬಿಟ್ಟಿತು. ನಾಲ್ಕು ಗಾಲಿಗಳೂ ಕೆಸರಿನಲ್ಲಿ ಸುಮ್ಮನೆ ತಿರುಗುತ್ತಿದ್ದವು. ಗುದ್ದಲಿ ಇರಲಿಲ್ಲ, ಇದ್ದ ಒಂದು ಹಾರೆಯಿಂದ ಕೆರೆದರೆ ಕೆರೆದಷ್ಟೂ ಮಣ್ಣು ಮತ್ತೆ ಇಳಿಯುತ್ತಿತ್ತು. ಅರ್ಧ ಗಂಟೆ ನೋಡಿ ಆಸೆ ಬಿಟ್ಟೆವು. ಹತ್ತಿರದ ಮನೆಯಿಂದ ಬಿದಿರಿನ ಗಳ ತಂದು, ಕಂಬಳಿಯ ಜೋಲಿ ಕಟ್ಟಿ, ಅವಳನ್ನು ಎರಡು ಮೈಲಿ ಹೊತ್ತು ತಂದೆವು. ಹೈದರನ ಕಾಲದ ಪ್ರಯಾಣ ಹೇಗಿದ್ದಿರಬಹುದು ಎಂಬುದು ಅವತ್ತು ನನ್ನ ಹೆಗಲಿಗೆ ತಿಳಿಯಿತು. ತಾಯಿ ಮಗು ಇಬ್ಬರೂ ಉಳಿದರು. ಆ ಹುಡುಗಿಗೆ ಈಗ ಮದುವೆಯೂ ಆಗಿದೆ.

ಮಾರನೆಯ ದಿನ ಮಧ್ಯಾಹ್ನ ಜೀಪನ್ನು ಎಳೆಸಿ ತಂದ ಮೇಲೆ ಡ್ರೈವರು ಅಂಗಳದಲ್ಲಿ ಅಂಗಾತ ಮಲಗಿ ನನ್ನ ಕೈಯಿಂದ ಟೇಪು ಇಸಿದುಕೊಂಡು ಹೌಸಿಂಗಿನಿಂದ ನೆಲಕ್ಕೆ ಅಳೆದ. ಆಮೇಲೆ ಹಳೆಯ ಹದಿನಾರಿಂಚಿನ ಗಾಲಿಗಳನ್ನು ಕೊಟ್ಟಿಗೆಯಿಂದ ತಂದು ಹಾಕಿ ಮತ್ತೆ ಅಳೆದ.

"ಎರಡು ಸೆಂಟಿಮೀಟರು ಮಾರಾಯ್ರೇ! ಬರೀ ಒಂದು ಹೆಬ್ಬೆರಳು ದಪ್ಪ ಮೇಷ್ಟ್ರೇ, ಅಷ್ಟಕ್ಕೆ ಆ ಕೂಸನ್ನು ಹೊರುವ ಹಾಗಾಯ್ತಲ್ಲ!"

ನಾನು ಕೂತು ಕಾಗದದ ಮೇಲೆ ಲೆಕ್ಕ ಹಾಕಿದೆ. ಜಿಪ್ಸಿಯ ಟಯರಿನ ಮೇಲೆ 205/70 ಆರ್ 15 ಎಂದಿತ್ತು. ಹೊಸ ಬರವಣಿಗೆಯಲ್ಲಿ ಮೊದಲನೆಯದು ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಗೋಡೆಯ ಎತ್ತರ, ಅಗಲದ ನೂರಕ್ಕೆ ಎಷ್ಟು ಪಾಲು ಎಂಬ ಲೆಕ್ಕದಲ್ಲಿ. 'ಆರ್' ಎಂದರೆ ರೇಡಿಯಲ್. ಕೊನೆಯದು ಡಿಸ್ಕು, ಅದು ಮಾತ್ರ ಇಂಚು. ಒಂದೇ ಸಾಲಿನಲ್ಲಿ ಮಿಲಿಮೀಟರು, ಶೇಕಡಾ, ಇಂಚು ಮೂರೂ ಇರುವ ಇಂಥ ಕಲಬೆರಕೆ ನಮ್ಮ ಹಳೆಯ ಕೊಳಗ-ಮಾನದ ಲೆಕ್ಕದಲ್ಲೂ ಇರಲಿಲ್ಲ. 205ರಲ್ಲಿ ನೂರಕ್ಕೆ 70 ಎಂದರೆ 143.5. ಅದರ ಎರಡರಷ್ಟು 287. ಹದಿನೈದು ಇಂಚಿಗೆ 381. ಕೂಡಿದರೆ 668 ಮಿಲಿಮೀಟರು, ಅಂದರೆ 26.3 ಇಂಚು. ಇಪ್ಪತ್ತೆಂಟಕ್ಕೆ ಹೋಲಿಸಿದರೆ 1.7 ಇಂಚು ಗಿಡ್ಡ. ಅಚ್ಚು ಇಳಿಯುವುದು ಅದರ ಅರ್ಧ, ಎರಡು ಸೆಂಟಿಮೀಟರಿಗಿಂತ ಒಂದು ಕೂದಲು ಹೆಚ್ಚು. ಹಾರೆ ಹಿಡಿದವನ ಟೇಪೂ ನನ್ನ ಪೆನ್ಸಿಲ್ಲೂ ಒಂದೇ ಉತ್ತರ ಕೊಟ್ಟವು.

ತಪ್ಪು ಡಿಸ್ಕಿನದಲ್ಲ ಎಂಬುದು ಗಮನಿಸಬೇಕಾದ ಮಾತು. ಅದೇ ಹದಿನೈದಿಂಚಿನ ಜಿಪ್ಸಿ ಡಿಸ್ಕಿನ ಮೇಲೆ 215/75 ಆರ್ 15 ಕೂರಿಸಿದರೆ ಮೊತ್ತ 703 ಮಿಲಿಮೀಟರು ದಾಟುತ್ತದೆ, 27.7 ಇಂಚು. ಹಳೆಯ ಗಾಲಿಗೆ ಬಹಳ ಹತ್ತಿರ. 2000ದಿಂದ ಬೊಲೆರೊಗಳು ಬಂದ ಮೇಲೆ ಈ ಅಳತೆಯ ಟಯರು ನಮ್ಮ ಕಡೆ ಎಲ್ಲ ಅಂಗಡಿಗಳಲ್ಲಿ ಸಿಗುವಂತಾಯಿತು, ನಮ್ಮ ಕೇರಿಯವನೂ ಅದಕ್ಕೇ ಬಂದ. ಡಿಸ್ಕು ಚಿಕ್ಕದಾದರೆ ಗೋಡೆ ಎತ್ತರವಾಗಬೇಕು, ಡಿಸ್ಕು ದೊಡ್ಡದಾದರೆ ಗೋಡೆ ಗಿಡ್ಡವಾಗಬೇಕು. ಒಟ್ಟು ಎತ್ತರ ಕದಲಬಾರದು.

ಕದಲಿಸಿದವರೂ ಇದ್ದಾರೆ. ಕೆಸರಿನಲ್ಲಿ ಜೀಪು ಓಡಿಸುವ ಸ್ಪರ್ಧೆಯ ಹುಚ್ಚು ಮಲೆನಾಡಿಗೆ ಹತ್ತಿದ ಮೇಲೆ 31 ಇಂಚಿನ ದಪ್ಪ ಟಯರು ಹಾಕಿದ ಜೀಪುಗಳು ಬಂದವು. ದೂರಕ್ಕೆ ಪಟ್ಟದಾನೆಯ ಹಾಗೆ ಕಾಣುತ್ತವೆ. ಸ್ಟೇರಿಂಗು ಪೂರ್ತಿ ತಿರುಗಿಸಿದರೆ ಟಯರು ಸ್ಪ್ರಿಂಗಿಗೋ ಮಡ್‌ಗಾರ್ಡಿಗೋ ಉಜ್ಜುತ್ತದೆ. ಮೂರಿಂಚು ಹೆಚ್ಚಿದ ಗಾಲಿ ನೂರಕ್ಕೆ ಹತ್ತು ಪಾಲು ಗೇರನ್ನು ಕದ್ದುಬಿಡುತ್ತದೆ, ಮೊದಲು ಒಂದನೆಯ ಗೇರಿನಲ್ಲಿ ಗೊಣಗದೆ ಹತ್ತುತ್ತಿದ್ದ ಏರಿನಲ್ಲಿ ಎಂಜಿನ್ನು ಏದುಸಿರು ಬಿಡುತ್ತದೆ. ಮುಳ್ಳು ಅರವತ್ತು ತೋರಿಸುವಾಗ ಜೀಪು ಅರವತ್ತಾರರಲ್ಲಿ ಓಡುತ್ತಿರುತ್ತದೆ, ಬ್ರೇಕು ಮಾತ್ರ ಹಿಂದಿನದೇ. ಸ್ಪರ್ಧೆಗೆ ಸರಿ. ಮಳೆಯಲ್ಲಿ ಹುಲಿಕಲ್ ಘಾಟಿ ಇಳಿಯುವವರಿಗೆ ನಾನು ಹೇಳಲಾರೆ.

ಈ ಲೆಕ್ಕವನ್ನು ನಾನು ಮತ್ತೆ ಹಾಕಬೇಕಾಗಿ ಬಂದದ್ದು ಕೆಲವು ವರ್ಷಗಳ ಹಿಂದೆ, ಜೀಪಿಗಲ್ಲ, ಅದಕ್ಕೆ ಪೂರಾ ತದ್ವಿರುದ್ಧವಾದ ಒಂದು ಗಾಡಿಗೆ. ನನ್ನ ತಮ್ಮನ ಮಗ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದಾನೆ. ಅಲ್ಲಿ ಅವನು ಒಂದು ಹಳೆಯ ಮಾಜ್ದಾ ಮಿಯಾಟ ಕೊಂಡ. 1989ರಲ್ಲಿ ಹೊರಬಂದ, ಇಬ್ಬರೇ ಕೂರುವ, ಮಾಡು ಮಡಚುವ ಪುಟ್ಟ ಸ್ಪೋರ್ಟ್ಸ್ ಕಾರು. ಇಬ್ಬರು ಕೂರುವ, ಮಾಡು ಮಡಚುವ ಸ್ಪೋರ್ಟ್ಸ್ ಕಾರುಗಳಲ್ಲಿ ಜಗತ್ತಿನಲ್ಲೇ ಹೆಚ್ಚು ಮಾರಾಟವಾದದ್ದು ಅದೇ. ಒಂದು ಭಾನುವಾರ ಫೋನಿನಲ್ಲಿ, "ದೊಡ್ಡಪ್ಪ, ಇದರ ಹದಿನಾಲ್ಕಿಂಚಿನ ಗಾಲಿ ಮಕ್ಕಳ ಆಟದ ಸಾಮಾನಿನ ಹಾಗೆ ಕಾಣ್ತದೆ. ಹದಿನೇಳು ಹಾಕ್ಸಣ ಅಂತಿದೀನಿ" ಎಂದ.

"ಹಾಕ್ಸು ಮಾರಾಯ. ಮೊದಲು ಈಗಿರೋ ಟಯರಿನ ಮೇಲೆ ಏನು ಬರೆದಿದೆ ಓದು" ಎಂದೆ.

185/60 ಆರ್ 14. ಗೋಡೆ 111 ಮಿಲಿಮೀಟರು, ಒಟ್ಟು 578. ಅವನು ಹೇಳಿದ ಹದಿನೇಳಿಂಚಿನ ಡಿಸ್ಕಿಗೆ 205/40 ಹಾಕಿದರೆ ಒಟ್ಟು 596, ಗೋಡೆ ಬರೀ 82. ಮೂರು ಬೆರಳಗಲದ ರಬ್ಬರು ಉಳಿದು, ಹೊಂಡಕ್ಕೆ ಬಿದ್ದರೆ ಡಿಸ್ಕೇ ಬಾಗುವ ಸ್ಥಿತಿ. 195/50 ಆರ್ 15 ಹಾಕಿದರೆ ಗೋಡೆ ತೊಂಬತ್ತೇಳೂವರೆ, ಒಟ್ಟು 576. ಎರಡೇ ಮಿಲಿಮೀಟರು ವ್ಯತ್ಯಾಸ. ಆ ಕಾರಿನವರು ಬಹಳ ಮಂದಿ ಇದೇ ಅಳತೆಗೆ ಬಂದು ನಿಂತಿದ್ದಾರೆ ಎಂದು ಆಮೇಲೆ ಅವನೇ ಹೇಳಿದ.

ಗೋಡೆಯನ್ನು ಗಿಡ್ಡ ಮಾಡುವ ಈ ಆಸೆ ಶೋಕಿಯಿಂದ ಹುಟ್ಟಿದ್ದಲ್ಲ ಎಂಬುದನ್ನು ಹೇಳಬೇಕು. ಫ್ರಾನ್ಸಿನ ಮಿಶೆಲಿನ್ ಕಂಪೆನಿ 1946ರಲ್ಲಿ ರೇಡಿಯಲ್ ಟಯರಿಗೆ ಪೇಟೆಂಟು ಪಡೆದ ಮೇಲೆ ಗೋಡೆ ಗಿಡ್ಡವಾಗಿದ್ದರೂ ತಾಳುವ ಟಯರು ಮಾಡುವುದು ಸಾಧ್ಯವಾಯಿತು. 1970ರ ದಶಕದ ನಡುವೆ ಇಟಲಿಯ ಪಿರೆಲ್ಲಿ ರ್‍ಯಾಲಿಯ ಲ್ಯಾಂಚಿಯಾ ಸ್ಟ್ರಾಟೋಸ್ ಕಾರಿಗೆಂದು ಪಿ-7 ಎಂಬ ಗಿಡ್ಡ ಗೋಡೆಯ ಅಗಲ ಟಯರು ಮಾಡಿತು, ಪೋರ್ಶೆಯವರು ಅದನ್ನು ರಸ್ತೆಯ ಕಾರಿಗೂ ತಂದರು. ತಿರುವಿನಲ್ಲಿ ಎತ್ತರದ ಗೋಡೆ ಬಾಗುತ್ತದೆ, ಗಿಡ್ಡ ಗೋಡೆ ಬಾಗುವುದಿಲ್ಲ. ದೊಡ್ಡ ಡಿಸ್ಕಿನ ಹೊಟ್ಟೆಯಲ್ಲಿ ದೊಡ್ಡ ಬ್ರೇಕಿಗೆ ಜಾಗವಿರುತ್ತದೆ. ಮೊದಲು ಬಂದದ್ದು ಈ ಅಗತ್ಯ. ಬ್ರೇಕು ಹಳೆಯದೇ ಇಟ್ಟುಕೊಂಡು ಡಿಸ್ಕು ಮಾತ್ರ ದೊಡ್ಡದು ಹಾಕಿ ಅರಗಳ ಸಂದಿನಲ್ಲಿ ಬೋಳು ಬಯಲು ಕಾಣಿಸುವ ಶೋಕಿ ಆಮೇಲಿನದು.

ಎತ್ತರ ಮುಗಿದರೆ ಬೋಲ್ಟು. ಮಿಯಾಟಕ್ಕೆ ನಾಲ್ಕು, ನೂರು ಮಿಲಿಮೀಟರಿನ ವೃತ್ತದಲ್ಲಿ. ಇಟಲಿಯ ಫಿಯೆಟ್‌ಗಳಲ್ಲಿ, ನಮ್ಮಲ್ಲಿ ಓಡಿದ ಪಾಲಿಯೋದಲ್ಲಿ ಕೂಡ, ಅದು 98. ಎರಡು ಮಿಲಿಮೀಟರು ತಾನೇ ಎಂದು ನಟ್ಟನ್ನು ಬಲವಂತವಾಗಿ ಬಿಗಿದವರಿದ್ದಾರೆ. ಅಂಥ ಗಾಲಿ ಸರಿಯಾಗಿ ಕೂತಂತೆ ಕಾಣುತ್ತದೆ, ಕೂತಿರುವುದಿಲ್ಲ. ನಡುವಿನ ದೊಡ್ಡ ತೂತು ಇನ್ನೊಂದು. ಅಚ್ಚಿನ ತುದಿಯ ದಿಂಡು ಆ ತೂತಿಗೆ ಬಿಗಿಯಾಗಿ ಕೂತು ಗಾಲಿಯನ್ನು ನಡುವಿಗೆ ತರಬೇಕು. ಮಿಯಾಟದಲ್ಲಿ ಅದು 54.1 ಮಿಲಿಮೀಟರು. ಹೊರಗೆ ಮಾರುವ ಡಿಸ್ಕುಗಳ ತೂತನ್ನು ಎಲ್ಲ ಕಾರಿಗೂ ಆಗಲಿ ಎಂದು ದೊಡ್ಡದಾಗಿಯೇ ಕೊರೆದಿರುತ್ತಾರೆ, ನಡುವೆ ತುಂಬಲು ತೆಳುವಾದ ಬಳೆ ಬೇಕು. ನಮ್ಮ ಹುಡುಗನಿಗೆ ಗಾಲಿ ಮಾರಿದ ಅಂಗಡಿಯವರು ಆ ಬಳೆ ಕೊಟ್ಟಿರಲಿಲ್ಲ. ಗಂಟೆಗೆ ಅರವತ್ತು ಮೈಲಿ ದಾಟಿದೊಡನೆ ಸ್ಟೇರಿಂಗು ಮಲೇರಿಯಾ ಹಿಡಿದವರ ಹಾಗೆ ನಡುಗುತ್ತಿತ್ತು, ಪಕ್ಕದಲ್ಲಿ ಎಂಟು ವರ್ಷದ ಮಗಳು. ನಾಲ್ಕು ಬಳೆ ಬಂದ ಮೇಲೆ ನಿಂತಿತು.

ಕೊನೆಯದಾದ ಆಫ್‌ಸೆಟ್ಟು ಅವನಿಗೆ ತಲೆಗೆ ಹತ್ತಿರಲಿಲ್ಲ. ನನಗೆ ಗಾಡಿಜಾಡು ಗೊತ್ತಿದ್ದುದರಿಂದ ಬೇಗ ಹತ್ತಿತು. ಡಿಸ್ಕಿನ ಅಗಲದ ಸರಿಮಧ್ಯಕ್ಕೆ ಒಂದು ಗೆರೆ ಎಳೆಯಿರಿ. ಬೋಲ್ಟು ಕೂರುವ ಮುಖ ಆ ಗೆರೆಯಿಂದ ಎಷ್ಟು ಹೊರಗಿದೆ ಎಂಬುದೇ ಆಫ್‌ಸೆಟ್. ಹಳೆಯ ಮಿಯಾಟದಲ್ಲಿ ಡಿಸ್ಕಿನ ಅಗಲ ಐದೂವರೆ ಇಂಚು, ಆಫ್‌ಸೆಟ್ 45. ಅದಕ್ಕೆ ಏಳಿಂಚು ಅಗಲದ, 35 ಆಫ್‌ಸೆಟ್ಟಿನ ಡಿಸ್ಕು ಹಾಕಿದರೆ ಅಗಲ ಹೆಚ್ಚಿದ್ದಕ್ಕೆ ಎರಡೂ ಕಡೆ 19 ಮಿಲಿಮೀಟರು, ಆಫ್‌ಸೆಟ್ ತಗ್ಗಿದ್ದಕ್ಕೆ ಇನ್ನು ಹತ್ತು ಹೊರಗೆ: ಹೊರಮೈ 29 ಮಿಲಿಮೀಟರು ಆಚೆ, ಒಳಮೈ 9 ಮಿಲಿಮೀಟರು ಒಳಗೆ. ಆಚೆ ಮಡ್‌ಗಾರ್ಡಿನ ಅಂಚಿದೆ, ಒಳಗೆ ಸ್ಪ್ರಿಂಗಿದೆ. ಕಾರು ನಿಂತಾಗ ಎರಡೂ ದೂರವೇ. ತಿರುವಿನಲ್ಲಿ ಮೈ ಭಾರ ಒಂದು ಕಡೆ ಬಿದ್ದಾಗ ಎಷ್ಟು ಉಳಿಯುತ್ತದೆ ನೋಡಬೇಕು. ನಮ್ಮ ಆಚಾರಿ ಗುಂಬವನ್ನು ಅಚ್ಚಿನ ಮೇಲೆ ಒಂದು ಬೆರಳು ಒಳಗೆ ಕೂರಿಸಲೋ ಹೊರಗೆ ಕೂರಿಸಲೋ ಎಂದು ಕಡಾಣಿ ಹಿಡಿದುಕೊಂಡು ಯೋಚಿಸುತ್ತಿದ್ದುದು ಇದನ್ನೇ, ಅವನ ಎದುರಿಗಿದ್ದದ್ದು ಮಡ್‌ಗಾರ್ಡಲ್ಲ, ಜಾಡು, ಅಷ್ಟೆ. ಹುಡುಗ ಕೊನೆಗೆ ಅದೇ ಏಳಿಂಚು ಅಗಲದ ಹದಿನೈದರ ಡಿಸ್ಕು, 195/50 ಟಯರು ಹಾಕಿಸಿದ. ಎಲ್ಲೂ ಉಜ್ಜುತ್ತಿಲ್ಲವಂತೆ.

ನಮ್ಮ ದೇಶದಲ್ಲಿ ಇದಕ್ಕೆಲ್ಲ ಕಾನೂನಿನ ಬೇಲಿಯೂ ಇದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ಅದರ ಮೇಲೆ 2019ರ ಜನವರಿಯಲ್ಲಿ ಬಂದ ಸುಪ್ರೀಂ ಕೋರ್ಟಿನ ತೀರ್ಪು, ಎರಡೂ ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸಕೂಡದು ಎನ್ನುತ್ತವೆ. ಕಂಪೆನಿಯವರೇ ಒಂದೇ ಕಾರಿಗೆ ಎರಡು ಮೂರು ಅಳತೆ ಹೇಳಿರುತ್ತಾರೆ. ಅದರೊಳಗೆ ಆರಿಸಿಕೊಂಡರೆ ತಕರಾರಿಲ್ಲ.

ನಾಲ್ಕು ಗಾಲಿ ಬದಲಿಸಿದವರು ಹೆಚ್ಚಾಗಿ ಐದನೆಯದನ್ನು ಹಾಗೆಯೇ ಬಿಡುತ್ತಾರೆ. ಸ್ಟೆಪ್ನಿ ಎಂಬ ಹೆಸರು ನಮ್ಮದೇ ಎನ್ನುವಷ್ಟು ಬಳಕೆಯಾಗಿಬಿಟ್ಟಿದೆ. ಆದರೆ ಅದು ವೇಲ್ಸಿನ ಲನೆತ್ಲಿ ಊರಿನ ಒಂದು ಬೀದಿಯ ಹೆಸರು. 1904ರಲ್ಲಿ ಅಲ್ಲಿ ಡೇವಿಸ್ ಸಹೋದರರು ಹೆಚ್ಚುವರಿ ಗಾಲಿ ಮಾಡಿ ಮಾರಿದರು, ಆ ಊರಿನ ಸ್ಟೆಪ್ನಿ ಸ್ಟ್ರೀಟು ಸ್ಟೆಪ್ನಿಯಾಗಿ ನಮ್ಮ ಜೀಪುಗಳ ಬೆನ್ನಿಗೆ ನೇತುಕೊಂಡಿತು. ಜೀಪಿನ ನಾಲ್ಕೂ ಗಾಲಿಗೆ ಎಂಜಿನ್ನಿನ ಎಳೆತ ಕೊಟ್ಟಾಗ ಮುಂದಿನ ಅಚ್ಚೂ ಹಿಂದಿನ ಅಚ್ಚೂ ಒಂದೇ ಸಮನೆ ತಿರುಗಬೇಕು. ಅದರಲ್ಲಿ ಒಂದು ಗಾಲಿ ಗಿಡ್ಡವಾದರೆ ಗೇರುಪೆಟ್ಟಿಗೆಯ ಹಲ್ಲುಗಳು ಒಂದನ್ನೊಂದು ಜಗ್ಗಾಡಿಕೊಂಡು ಬಿಗಿದುಕೊಳ್ಳುತ್ತವೆ. ನಮ್ಮ ಕೇರಿಯ ಡ್ರೈವರು ಈಗ ಐದೂ ಒಂದೇ ಅಳತೆಯವನ್ನು ಇಟ್ಟಿದ್ದಾನೆ. ಆ ಹಳೆಯ 6.00-16ರ ಒಂದು ಗಾಲಿ ಅವನ ಕೊಟ್ಟಿಗೆಯಲ್ಲಿ ಇನ್ನೂ ಇದೆ, ಟಯರಿನ ಒಳಗೆ ಕೋಳಿ ಮೊಟ್ಟೆಯಿಡುತ್ತದೆ.